ಕೋಡ್ 81ರ ಹೊರಗೆ ಉಳಿದವರು

2019ರ ಜುಲೈನಿಂದ 2020ರ ಜೂನ್‌ವರೆಗಿನ ಒಂದು ವರ್ಷದಲ್ಲಿ ನಮ್ಮ ದೇಶದ ನಿರುದ್ಯೋಗ ಇಳಿಯಿತು. ಹಿಂದಿನ ವರ್ಷ ಶೇ. 5.8 ಇದ್ದದ್ದು ಶೇ. 4.8ಕ್ಕೆ ಬಂತು. ಅದರ ಮರುವರ್ಷ ಇನ್ನೂ ಇಳಿದು ಶೇ. 4.2 ಆಯಿತು. ಇದು ವಾಟ್ಸಾಪಿನಲ್ಲಿ ಯಾರೋ ಹಂಚಿದ ಸುದ್ದಿಯಲ್ಲ. ಕೇಂದ್ರ ಸರ್ಕಾರದ ಅಂಕಿಅಂಶ ಸಚಿವಾಲಯ ಪ್ರತಿವರ್ಷ ಹೊರತರುವ ಕಾರ್ಮಿಕ ಬಲ ಸಮೀಕ್ಷೆಯ ಲೆಕ್ಕ. ಎಲ್ಲರೂ ಪಿಎಲ್ಎಫ್ಎಸ್ ಎಂದು ಕರೆಯುವುದು ಇದನ್ನೇ.

ಆ ವರ್ಷ ಏನಾಯಿತು ಎಂಬುದನ್ನು ನೆನಪಿಸಬೇಕಾಗಿಲ್ಲ. 2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಗಾರೆ ಕೆಲಸ ನಿಂತಿತು, ಹೋಟೆಲ್ ನಿಂತವು, ಗಾರ್ಮೆಂಟ್ ಫ್ಯಾಕ್ಟರಿ ನಿಂತವು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಗುಳೆ ಬಂದಿದ್ದವರು ಗಂಟುಮೂಟೆ ಕಟ್ಟಿಕೊಂಡು ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾದದ್ದನ್ನು ನಾವೆಲ್ಲ ನೋಡಿದ್ದೇವೆ. ಬಸ್ಸು ಸಿಗದವರು ನಡೆದರು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಆ ವರ್ಷ ನಿರುದ್ಯೋಗ ಇಳಿಮುಖ.

ಮೊದಲ ಸಲ ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಯಾರೋ ಸುಳ್ಳು ಬರೆದಿದ್ದಾರೆ ಅನ್ನಿಸುವುದು ಸಹಜ. ಹಾಗಲ್ಲ. ಮನೆಮನೆಗೆ ಹೋಗಿ ಪಟ್ಟಿ ತುಂಬುವ ಕ್ಷೇತ್ರ ಸಿಬ್ಬಂದಿ ಬಹುಮಟ್ಟಿಗೆ ಕಂಡದ್ದನ್ನೇ ಬರೆಯುತ್ತಾರೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ ಎನ್ನುವುದೇ ನನಗೆ ಹೆಚ್ಚು ಕಾಡುವ ಸಂಗತಿ. ಪ್ರತಿಯೊಂದು ಸಾಲೂ ನಿಜ, ಕೂಡಿಸಿದ ಮೊತ್ತವೂ ಸರಿ. ಆದರೂ ಆ ಮೊತ್ತ ನಾವು ಕಂಡ ವರ್ಷದ ಬಗ್ಗೆ ಏನನ್ನೂ ಹೇಳುತ್ತಿಲ್ಲ. ಇದು ಹೇಗೆ ಸಾಧ್ಯವಾಯಿತು ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನೂರೈವತ್ತು ವರ್ಷಗಳಷ್ಟು ಹಿಂದಕ್ಕೆ, ಅದೂ ಅಮೆರಿಕಕ್ಕೆ.

1873ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದು ದೊಡ್ಡ ಮಂದಗತಿ ಶುರುವಾಯಿತು. ಕೆಲಸ ಕಳೆದುಕೊಂಡವರು ಊರೂರು ಅಲೆಯುತ್ತಿದ್ದರು. ಮೆಸಾಚುಸೆಟ್ಸ್ ರಾಜ್ಯವೊಂದರಲ್ಲೇ ಎರಡು ಮೂರು ಲಕ್ಷ ಜನ ಕೆಲಸವಿಲ್ಲದೆ ಕೂತಿದ್ದಾರೆ, ದೇಶದಲ್ಲಿ ಮೂವತ್ತು ಲಕ್ಷ ಎಂಬ ಮಾತು ಪತ್ರಿಕೆಗಳಲ್ಲಿ ಓಡಾಡುತ್ತಿತ್ತು. ಆ ರಾಜ್ಯದ ಕಾರ್ಮಿಕ ಅಂಕಿಅಂಶ ಕಚೇರಿಯ ಮುಖ್ಯಸ್ಥ ಕ್ಯಾರೊಲ್ ರೈಟ್ ಎಂಬಾತನಿಗೆ ಈ ಸಂಖ್ಯೆ ಉತ್ಪ್ರೇಕ್ಷೆ ಅನ್ನಿಸಿತು. 1878ರಲ್ಲಿ ಆತ ಎಣಿಸಲು ಹೊರಟ. ಊರೂರಿನ ತೆರಿಗೆ ಅಧಿಕಾರಿಗಳಿಗೆ, ಪೊಲೀಸರಿಗೆ ಪತ್ರ ಬರೆದು ಕೇಳಿದ. ಆದರೆ ಯಾರನ್ನು ಎಣಿಸಬೇಕು? ಹದಿನೆಂಟು ದಾಟಿದ ಗಂಡಸರು, ಮೈಕೈ ಗಟ್ಟಿ ಇರುವವರು, ಮತ್ತು ನಿಜವಾಗಿ ಕೆಲಸ ಬೇಕೆನ್ನುವವರು. ಹೀಗೆ ಜರಡಿ ಹಿಡಿದ ಮೇಲೆ ಉಳಿದದ್ದು ಸುಮಾರು 22 ಸಾವಿರ.

ಇಪ್ಪತ್ತೆರಡು ಸಾವಿರಕ್ಕೂ ಎರಡು ಲಕ್ಷಕ್ಕೂ ಎಷ್ಟು ಅಂತರ ನೋಡಿ. ಎರಡು ಲಕ್ಷ ಎಂದವರೂ ಎಣಿಸಿ ಹೇಳಿದವರಲ್ಲ; ರೈಟ್‌ನ ಅನುಮಾನ ಪೂರ್ತಿ ತಪ್ಪೇನಲ್ಲ. ನನಗೆ ಮುಖ್ಯವಾಗಿ ಕಾಣುವುದು ಆ ‘ನಿಜವಾಗಿ ಕೆಲಸ ಬೇಕೆನ್ನುವವರು’ ಎಂಬ ಷರತ್ತು. ಮನಸ್ಸಿನೊಳಗಿನ ಸಂಗತಿಯೊಂದನ್ನು ಊರಿನ ಪೊಲೀಸನೊಬ್ಬ ಅಳೆದು ಹೇಳಬೇಕಿತ್ತು! ಹೆಂಗಸರು, ಹುಡುಗರು, ವಾರಕ್ಕೆ ಎರಡೇ ದಿನ ಕೆಲಸ ಸಿಕ್ಕವರು, ಹುಡುಕಿ ಹುಡುಕಿ ಸೋತು ಕೈಬಿಟ್ಟವರು ಎಲ್ಲರೂ ಮೊದಲ ಎಣಿಕೆಯ ಮುಖ್ಯ ಸಂಖ್ಯೆಯಿಂದ ಹೊರಗೇ ಉಳಿದರು. ಮುಂದೆ ರೈಟ್ ಇಡೀ ಅಮೆರಿಕದ ಮೊದಲ ಕಾರ್ಮಿಕ ಆಯುಕ್ತನಾದ. ಅವನ ಜರಡಿ ಬೇರೆ ಬೇರೆ ರೂಪದಲ್ಲಿ ಲೋಕವೆಲ್ಲ ಸುತ್ತಿತು.

ಅರ್ಧ ಶತಮಾನದ ನಂತರ 1930ರಲ್ಲಿ ಇದೇ ಜಗಳ ಮತ್ತೆ ಬಂತು. ವಾಲ್ ಸ್ಟ್ರೀಟ್ ಬಿದ್ದು ಮೂರು ತಿಂಗಳಾಗಿತ್ತಷ್ಟೆ. ಜನವರಿಯಲ್ಲಿ ಅಧ್ಯಕ್ಷ ಹೂವರ್ ಉದ್ಯೋಗ ಮತ್ತೆ ಚಿಗುರುತ್ತಿದೆ ಎಂದು ಹೇಳಿಕೆ ಕೊಟ್ಟರು. ನ್ಯೂಯಾರ್ಕ್ ರಾಜ್ಯದ ಕೈಗಾರಿಕಾ ಆಯುಕ್ತೆಯಾಗಿದ್ದ ಫ್ರಾನ್ಸಿಸ್ ಪರ್ಕಿನ್ಸ್ ಅದನ್ನು ಪತ್ರಿಕೆಯಲ್ಲಿ ಓದಿದರು. ಅವರ ಕೈಯಲ್ಲಿ ಕಾರ್ಖಾನೆಗಳ ಪಗಾರ ಪಟ್ಟಿಯಿಂದ ತೆಗೆದ ಅಂಕಿಗಳಿದ್ದವು, ಅವು ಬೇರೆಯದನ್ನೇ ಹೇಳುತ್ತಿದ್ದವು. ಮರುದಿನವೇ ಪತ್ರಕರ್ತರನ್ನು ಕರೆದು ಅಧ್ಯಕ್ಷರು ಹೇಳಿದ್ದು ತಪ್ಪು ಎಂದರು. ರಾಜ್ಯವೊಂದರ ಅಧಿಕಾರಿ ದೇಶದ ಅಧ್ಯಕ್ಷರಿಗೆ ಎದುರು ನಿಂತದ್ದು ದೊಡ್ಡ ಸುದ್ದಿಯಾಯಿತು.

ಅದೇ ವರ್ಷದ ಏಪ್ರಿಲ್‌ನಲ್ಲಿ ಜನಗಣತಿ ನಡೆಯಿತು. ನಿರುದ್ಯೋಗದ ಪ್ರಶ್ನೆಯನ್ನೂ ಸೇರಿಸಿದ್ದರು. ಕೆಲಸವೇ ಇಲ್ಲದವರು ಒಂದು ವರ್ಗ, ಕೆಲಸ ಇದೆ ಆದರೆ ಸದ್ಯಕ್ಕೆ ಬರಬೇಡ ಎಂದು ಮಾಲೀಕ ಕಳಿಸಿದವರು ಇನ್ನೊಂದು ವರ್ಗ. ಸರ್ಕಾರ ಎತ್ತಿ ತೋರಿಸಿದ್ದು ಮೊದಲ ವರ್ಗವನ್ನು, ಸುಮಾರು 24 ಲಕ್ಷ. ಮನೆಗೆ ಕಳಿಸಲ್ಪಟ್ಟ ಏಳೂವರೆ ಲಕ್ಷ ಜನ ಆ ಸಂಖ್ಯೆಯಲ್ಲಿರಲಿಲ್ಲ. ಗಣತಿಯ ಈ ಭಾಗವನ್ನು ನೋಡಿಕೊಳ್ಳುತ್ತಿದ್ದ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಪರ್ಸನ್ಸ್ ಇದನ್ನು ಒಪ್ಪದೆ ರಾಜೀನಾಮೆ ಕೊಟ್ಟು ಹೊರಬಂದ. 1931ರ ಜನವರಿಯಲ್ಲಿ ಕೆಲವು ನಗರಗಳಲ್ಲಿ ಮತ್ತೆ ಎಣಿಸಿ ನೋಡಿದಾಗ ದೇಶದ ಅಂದಾಜು 60 ಲಕ್ಷಕ್ಕೆ ಏರಿತ್ತು. ಅಂಕಿಯ ಕಾರಣಕ್ಕೆ ರಾಜೀನಾಮೆ ಕೊಟ್ಟ ಪರ್ಸನ್ಸ್‌ನ ಹೆಸರನ್ನು ನೆನಪಿಟ್ಟುಕೊಳ್ಳಿ. ಮುಂದೆ ಅಂಥದೇ ಕಥೆ ದೆಹಲಿಯಲ್ಲಿ ಬರುತ್ತದೆ.

ಈ ಮಂದಗತಿಯ ಕಾಲದಲ್ಲೇ, 1936ರಲ್ಲಿ, ಇಂಗ್ಲೆಂಡಿನ ಜೋನ್ ರಾಬಿನ್ಸನ್ ಒಂದು ಪುಟ್ಟ ಲೇಖನ ಬರೆದರು. ಒಳ್ಳೆಯ ಕೆಲಸ ಕಳೆದುಕೊಂಡವನು ಸುಮ್ಮನೆ ಕೂತಿರುವುದಿಲ್ಲ, ಹೊಟ್ಟೆ ಕೇಳುವುದಿಲ್ಲ ಎಂಬುದು ಅವರ ಮಾತಿನ ತಿರುಳು. ಅವನು ಲಂಡನ್ನಿನ ಬೀದಿಯಲ್ಲಿ ಬೆಂಕಿಪೊಟ್ಟಣ ಮಾರುತ್ತಾನೆ, ಎಲ್ಲೋ ಆಲೂಗಡ್ಡೆ ಅಗೆಯುತ್ತಾನೆ. ನೋಡುವವರಿಗೆ ಅವನಿಗೆ ಕೆಲಸ ಇದೆ. ಇದನ್ನು ಅವರು ಮರೆಮಾಚಿದ ನಿರುದ್ಯೋಗ ಎಂದರು. ಪಠ್ಯಪುಸ್ತಕದಲ್ಲಿ ಈ ಪದವನ್ನು ಓದಿರುವ ವಿದ್ಯಾರ್ಥಿಗಳಿಗೆ ಹಿಂದಿರುವ ಆ ಬೆಂಕಿಪೊಟ್ಟಣದ ಮನುಷ್ಯನನ್ನು ಯಾರೂ ತೋರಿಸಿರುವುದಿಲ್ಲ. ಪರೀಕ್ಷೆಗೆ ಐದು ಅಂಕದ ಟಿಪ್ಪಣಿಯಾಗಿ ಅದು ಮುಗಿದುಹೋಗುತ್ತದೆ.

ಬೆಂಗಳೂರಿನಲ್ಲಿ 1972ರಲ್ಲಿ ಐಸೆಕ್ ಸಂಸ್ಥೆಯನ್ನು ಕಟ್ಟಿದ ವಿ.ಕೆ.ಆರ್.ವಿ. ರಾವ್ ಈ ಮಾತನ್ನು ನಮ್ಮ ನೆಲಕ್ಕೆ ತಂದವರಲ್ಲಿ ಒಬ್ಬರು. ಸರ್ಕಾರ ಹಣ ಸುರಿದರೆ ಉದ್ಯೋಗ ತಾನಾಗಿ ಬೆಳೆಯುತ್ತದೆ ಎಂಬ ಕೇನ್ಸ್ ಸೂತ್ರ ಭಾರತದಂಥ ದೇಶಕ್ಕೆ ಹಾಗೇ ಒಗ್ಗುವುದಿಲ್ಲ ಎಂದು ಅವರು 1952ರಲ್ಲೇ ವಾದಿಸಿದರು. ಇಲ್ಲಿನ ನಿರುದ್ಯೋಗಿ ಕಾರ್ಖಾನೆಯ ಗೇಟಿನ ಮುಂದೆ ಸಾಲು ನಿಂತಿಲ್ಲ. ಎರಡೆಕರೆ ಹೊಲದಲ್ಲಿ ಅಣ್ಣತಮ್ಮಂದಿರ ಜೊತೆ ಕಳೆ ಕೀಳುತ್ತಿದ್ದಾನೆ. ಇಬ್ಬರ ಕೆಲಸವನ್ನು ನಾಲ್ವರು ಮಾಡುತ್ತಿದ್ದಾರೆ, ನಾಲ್ವರಿಗೂ ಅರೆಹೊಟ್ಟೆ.

ಸ್ವತಂತ್ರ ಭಾರತದ ಮೊದಲ ಎರಡು ದಶಕ ಯೋಜನಾ ಆಯೋಗ ಇದನ್ನೆಲ್ಲ ಒಂದೇ ಸಂಖ್ಯೆಯಲ್ಲಿ ಹಿಡಿಯಲು ಹೆಣಗಾಡಿತು. ಎರಡನೆಯ ಪಂಚವಾರ್ಷಿಕ ಯೋಜನೆ ಶುರುವಾಗುವಾಗ ಬಾಕಿ ಇರುವ ನಿರುದ್ಯೋಗಿಗಳು 53 ಲಕ್ಷ ಎಂದು ಲೆಕ್ಕ ಹಾಕಿದರು. ಅದಕ್ಕೆ ಹೊಸದಾಗಿ ಬರುವವರನ್ನು ಕೂಡಿಸಿ, ಸೃಷ್ಟಿಯಾಗುವ ಉದ್ಯೋಗ ಕಳೆದರೆ ಮುಂದಿನ ಯೋಜನೆಯ ಬಾಕಿ ಸಿಗುತ್ತದೆ. ಅಂಗಡಿಯ ಖಾತೆ ಪುಸ್ತಕದಂತೆ. ಪ್ರತಿ ಯೋಜನೆಯ ಕೊನೆಗೂ ಬಾಕಿ ಬೆಳೆಯುತ್ತಲೇ ಹೋಯಿತು. 1968ರಲ್ಲಿ ಎಂ.ಎಲ್. ದಾಂತ್‌ವಾಲಾ ಅವರ ಅಧ್ಯಕ್ಷತೆಯಲ್ಲಿ ಒಂದು ತಜ್ಞರ ಸಮಿತಿ ಮಾಡಿದರು. 1970ರಲ್ಲಿ ಸಮಿತಿ ಕೊಟ್ಟ ಉತ್ತರ ನೇರವಾಗಿತ್ತು: ಈ ಒಂದೇ ಸಂಖ್ಯೆಗೆ ಅರ್ಥವಿಲ್ಲ, ಕೈಬಿಡಿ. ಸಂಬಳದ ಕೆಲಸವೇ ಮುಖ್ಯವಾಗಿರುವ ದೇಶಗಳ ಅಳತೆಗೋಲನ್ನು ಮನೆಮಂದಿಯೆಲ್ಲ ಹೊಲದಲ್ಲಿ ದುಡಿಯುವ ದೇಶಕ್ಕೆ ಹಿಡಿದರೆ ಆಗುವುದಿಲ್ಲ. ಬೇರೆ ಬೇರೆ ಗುಂಪಿನವರನ್ನು ಬೇರೆ ಬೇರೆಯಾಗಿ ನೋಡಿ. ಸ್ವೀಡನ್ನಿನ ಗುನ್ನಾರ್ ಮಿರ್ಡಾಲ್ ಕೂಡ 1968ರ ತನ್ನ ‘ಏಷ್ಯನ್ ಡ್ರಾಮಾ’ದಲ್ಲಿ ಇದೇ ಧಾಟಿಯ ಟೀಕೆ ಮಾಡಿದ್ದ.

ಸರ್ಕಾರಿ ಸಮಿತಿಯೊಂದು ‘ನೀವು ಕೇಳುತ್ತಿರುವ ಪ್ರಶ್ನೆಯೇ ಸರಿಯಿಲ್ಲ’ ಎಂದು ಬರೆದುಕೊಡುವುದು ಅಪರೂಪ. ಅದಕ್ಕಿಂತ ಅಪರೂಪ, ಸರ್ಕಾರ ಅದನ್ನು ಕೇಳಿಸಿಕೊಂಡದ್ದು. 1972-73ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ತನ್ನ 27ನೆಯ ಸುತ್ತಿನಲ್ಲಿ ನಿರುದ್ಯೋಗವನ್ನು ಮೂರು ಬಗೆಯಲ್ಲಿ ಅಳೆಯಿತು. ಕಳೆದ ವರ್ಷದಲ್ಲಿ ಸಾಮಾನ್ಯವಾಗಿ ಏನು ಮಾಡುತ್ತಿದ್ದಿರಿ ಎಂಬುದು ಮೊದಲನೆಯದು. ಕಳೆದ ಏಳು ದಿನದಲ್ಲಿ ಏನು ಮಾಡಿದಿರಿ ಎಂಬುದು ಎರಡನೆಯದು. ಮೂರನೆಯದು ದಿನದ ಲೆಕ್ಕ. ಆ ಏಳು ದಿನಗಳಲ್ಲಿ ಪ್ರತಿದಿನವನ್ನೂ ಎರಡು ಅರ್ಧವಾಗಿ ಒಡೆದು, ಹದಿನಾಲ್ಕು ಅರ್ಧ ದಿನಗಳಲ್ಲಿ ಎಷ್ಟು ದುಡಿದಿರಿ, ಎಷ್ಟು ದುಡಿಮೆ ಸಿಗದೆ ಹೋಯಿತು ಎಂದು ಕೇಳುವುದು.

ನಮ್ಮ ಉತ್ತರ ಕರ್ನಾಟಕದ ಹಿರಿಯರು ಈಗಲೂ ‘ಎಪ್ಪತ್ತೆರಡರ ಬರ’ ಎನ್ನುತ್ತಾರಲ್ಲ, ಅದೇ ಬರಗಾಲದ ವರ್ಷ ಅದು. ಕಲ್ಲು ಒಡೆಯುವ ಕಾಮಗಾರಿಗೆ ಜನ ಮುಗಿಬೀಳುತ್ತಿದ್ದ ಕಾಲ. ಆಗ ಬಂದ ಫಲಿತಾಂಶ ನೋಡಿ: ವರ್ಷದ ಲೆಕ್ಕದಲ್ಲಿ ದೇಶದ ನಿರುದ್ಯೋಗ ಸುಮಾರು ಶೇ. 1.6. ವಾರದ ಲೆಕ್ಕದಲ್ಲಿ ಸುಮಾರು ಶೇ. 4.3. ದಿನದ ಲೆಕ್ಕದಲ್ಲಿ ಶೇ. 8ರ ಮೇಲೆ. ಅದೇ ಜನ, ಅದೇ ವರ್ಷ, ಅದೇ ಮನೆಗಳು. ಅಳತೆಯ ಪಾತ್ರೆ ಬದಲಾದ ಹಾಗೆ ಸಂಖ್ಯೆ ಐದು ಪಟ್ಟು ಬದಲಾಯಿತು. ಮೂರು ದಶಕದ ನಂತರ 2004-05ರಲ್ಲೂ ಕಥೆ ಅಷ್ಟೇ. ವರ್ಷದ ಲೆಕ್ಕ ಶೇ. 2.3, ದಿನದ ಲೆಕ್ಕ ಶೇ. 8.2.

ಕೂಲಿ ಮಾಡುವವರ ಮನೆಯಲ್ಲಿ ಬೆಳೆದವರಿಗೆ ಈ ಅಂತರ ಅರ್ಥವಾಗಲು ಅರ್ಥಶಾಸ್ತ್ರ ಬೇಕಿಲ್ಲ. ವರ್ಷಕ್ಕೆ ನೂರಿಪ್ಪತ್ತು ದಿನ ಕೂಲಿ ಸಿಕ್ಕಿ ಉಳಿದ ದಿನ ‘ಇವತ್ತು ಕೂಲಿ ಹತ್ತಲಿಲ್ಲ’ ಎಂದು ಕಟ್ಟೆಯ ಮೇಲೆ ಕೂತವನು ಯಾರು? ನಿಮ್ಮ ಕೆಲಸವೇನು ಎಂದು ಕೇಳಿದರೆ ಅವನು ‘ಕೂಲಿ’ ಎಂದೇ ಹೇಳುತ್ತಾನೆ. ತಾನು ನಿರುದ್ಯೋಗಿ ಎಂದು ಅವನ ಬಾಯಲ್ಲಿ ಬರುವುದಿಲ್ಲ. ಆ ಪದವೇ ಅವನದಲ್ಲ. ನಿರುದ್ಯೋಗಿ ಎಂದರೆ ಬಿ.ಎ. ಮಾಡಿ ಮನೆಯಲ್ಲಿ ಕೂತ ಪಟೇಲರ ಮಗ.

ಈ ಕೊನೆಯ ಮಾತು ತಮಾಷೆಗೆ ಹೇಳಿದ್ದಲ್ಲ. ನಾನು ಪದವಿ ಮುಗಿಸಿದಾಗ ಜಿಲ್ಲಾ ಕೇಂದ್ರದ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿ ಒಂದು ಕಾರ್ಡು ಪಡೆದಿದ್ದೆ. ಮೂರು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಅಲ್ಲಿ ಸಾಲಿನಲ್ಲಿ ನಿಂತವರೆಲ್ಲ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ, ಟಿಸಿಎಚ್ ಮಾಡಿದವರು. ಕೂಲಿಯವರೊಬ್ಬರೂ ಇರಲಿಲ್ಲ, ಅವರಿಗೆ ಅಲ್ಲೇನು ಕೆಲಸ? ಎಷ್ಟೋ ಜನ ಖಾಸಗಿಯಾಗಿ ಏನೋ ಮಾಡಿಕೊಂಡಿದ್ದೂ ಸರ್ಕಾರಿ ನೌಕರಿಯ ಆಸೆಗೆ ಕಾರ್ಡು ಉಳಿಸಿಕೊಂಡಿದ್ದರು. 2000ದ ದಶಕದ ಆರಂಭದಲ್ಲಿ ದೇಶದ ಇಂಥ ಕಚೇರಿಗಳ ಪುಸ್ತಕದಲ್ಲಿ ಸುಮಾರು 4 ಕೋಟಿ ಹೆಸರುಗಳಿದ್ದವು. ಅದೇ ಹೊತ್ತಿಗೆ ಮನೆಮನೆ ಸಮೀಕ್ಷೆಯ ವರ್ಷದ ಲೆಕ್ಕ ಹೇಳುತ್ತಿದ್ದದ್ದು ಹೆಚ್ಚುಕಡಿಮೆ 1 ಕೋಟಿ. ಒಂದು ಲೆಕ್ಕದಲ್ಲಿ ಕೆಲಸ ಇದ್ದವರೂ ನಿರುದ್ಯೋಗಿಗಳು, ಇನ್ನೊಂದರಲ್ಲಿ ಇಲ್ಲದವರೂ ಉದ್ಯೋಗಿಗಳು!

1973ರಲ್ಲಿ ರಾಜ್ ಕೃಷ್ಣ ಕೃಷಿ ಅರ್ಥಶಾಸ್ತ್ರಜ್ಞರ ಸಂಘದ ಅಧ್ಯಕ್ಷ ಭಾಷಣದಲ್ಲಿ ಈ ಗೋಜಲನ್ನು ಬಿಡಿಸಿಟ್ಟರು. ಒಬ್ಬ ಮನುಷ್ಯನನ್ನು ನಾಲ್ಕು ಕಾರಣಕ್ಕೆ ನಿರುದ್ಯೋಗಿ ಎನ್ನಬಹುದು ಎಂದರು. ದುಡಿಯುವ ಹೊತ್ತು ಕಡಿಮೆ ಇದ್ದರೆ. ದುಡಿದರೂ ಬದುಕಲು ಸಾಲುವಷ್ಟು ಬರದಿದ್ದರೆ. ಇನ್ನೂ ಹೆಚ್ಚು ದುಡಿಯಲು ಸಿದ್ಧನಿದ್ದೂ ಕೆಲಸ ಸಿಗದಿದ್ದರೆ. ಅವನನ್ನು ಆ ಕೆಲಸದಿಂದ ತೆಗೆದರೂ ಒಟ್ಟು ಉತ್ಪತ್ತಿಯಲ್ಲಿ ಏನೂ ಕಡಿಮೆಯಾಗದಿದ್ದರೆ. ಪತ್ರಿಕೆಯ ಮುಖಪುಟಕ್ಕೆ ಬರುವ ನಿರುದ್ಯೋಗ ದರ ಈ ನಾಲ್ಕರಲ್ಲಿ ಹೊತ್ತನ್ನೂ ಇಚ್ಛೆಯನ್ನೂ ಅಷ್ಟಿಷ್ಟು ಹಿಡಿಯುತ್ತದೆ. ಆದಾಯದ ಪ್ರಶ್ನೆ ಅದರಲ್ಲಿ ಇಲ್ಲವೇ ಇಲ್ಲ. ದಿನಕ್ಕೆ ಹನ್ನೆರಡು ಗಂಟೆ ದುಡಿದು ಹೊಟ್ಟೆ ತುಂಬದವನು ಆ ದರದ ಮಟ್ಟಿಗೆ ಸುಖಿ.

ಈಗ ಇವತ್ತಿನ ಪಟ್ಟಿಯನ್ನು ತೆರೆದು ನೋಡೋಣ. ಮನೆಗೆ ಬಂದ ಸಿಬ್ಬಂದಿ ಪ್ರತಿಯೊಬ್ಬರಿಗೂ ಎರಡಂಕಿಯ ಒಂದು ಕೋಡ್ ಹಾಕುತ್ತಾರೆ. ಸ್ವಂತ ಹೊಲ, ಸ್ವಂತ ಅಂಗಡಿ, ಗಾಡಿ ಇಟ್ಟುಕೊಂಡವರಿಗೆ 11. ಮನೆಯವರ ಕಸುಬಿನಲ್ಲಿ ಸಂಬಳವಿಲ್ಲದೆ ಕೈಜೋಡಿಸುವವರಿಗೆ 21. ತಿಂಗಳ ಸಂಬಳದವರಿಗೆ 31. ಕೂಲಿಯವರಿಗೆ 51. ಮನೆಗೆಲಸ ಮಾತ್ರ ಮಾಡುವವರಿಗೆ 92. ಮನೆಗೆಲಸದ ಜೊತೆಗೆ ಸೌದೆ, ಸೊಪ್ಪು, ದನದ ಮೇವು ತರುವವರಿಗೆ, ಮನೆಮಟ್ಟಿಗೆ ಹೊಲಿಯುವವರಿಗೆ 93. ಎಲ್ಲೂ ಸೇರದವರಿಗೆ 97. ಭಿಕ್ಷೆ ಬೇಡುವವರು ಇದರೊಳಗೆ ಬರುತ್ತಾರೆ. ನಿರುದ್ಯೋಗಿಯ ಕೋಡ್ 81. ಕೆಲಸ ಹುಡುಕುತ್ತಿರುವವರು, ಅಥವಾ ಹುಡುಕದಿದ್ದರೂ ಸಿಕ್ಕರೆ ಮಾಡಲು ಸಿದ್ಧರಿರುವವರು.

81 ಬೀಳುವುದು ಸುಲಭವಲ್ಲ. ವಾರದ ಲೆಕ್ಕದಲ್ಲಿ ಏಳು ದಿನಗಳ ಪೈಕಿ ಯಾವುದೋ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಆತ ಉದ್ಯೋಗಿ. ವರ್ಷದ ಲೆಕ್ಕದಲ್ಲಿ ಬಹುಪಾಲು ದಿನ ಕೆಲಸವಿಲ್ಲದೆ ಕಳೆದರೂ ನಡುವೆ ಒಟ್ಟು ಮೂವತ್ತು ದಿನ ಏನಾದರೂ ಮಾಡಿದ್ದರೆ ಆತ ಉದ್ಯೋಗಿ. ಈ ಒಂದು ಗಂಟೆಯ ನಿಯಮ ನಮ್ಮ ಅಧಿಕಾರಿಗಳು ಕಂಡುಹಿಡಿದದ್ದಲ್ಲ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮಾನದಂಡ. ರಾಷ್ಟ್ರೀಯ ಆದಾಯವನ್ನು ಲೆಕ್ಕ ಹಾಕುವಾಗ ಒಂದು ಗಂಟೆಯ ದುಡಿಮೆಯೂ ಬಿಟ್ಟುಹೋಗಬಾರದು ಎಂಬ ಉದ್ದೇಶದಿಂದ ಬಂದದ್ದು. ಆ ಉದ್ದೇಶಕ್ಕೆ ಅದು ಸರಿಯೇ ಇದೆ. ಜನರ ಕಷ್ಟ ಅಳೆಯಲು ಅದನ್ನು ಹಿಡಿದಾಗ ಮಾತ್ರ ತೊಂದರೆ.

ಲಾಕ್‌ಡೌನ್ ವರ್ಷದ ಒಗಟು ಬಿಡಿಸಿಕೊಳ್ಳುವುದು ಇಲ್ಲಿಂದಲೇ. ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ ಯಾದಗಿರಿ ಕಡೆಯ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಿ. ಮಾರ್ಚ್‌ವರೆಗೆ ಅವನ ಕೋಡ್ 51. ಮೇ ತಿಂಗಳಲ್ಲಿ ಊರು ಸೇರಿದ. ಮುಂಗಾರು ಬಿತ್ತು, ಅಪ್ಪನ ಹೊಲಕ್ಕೆ ಇಳಿದ. ಅವನಿಲ್ಲದಿದ್ದರೂ ಆ ಹೊಲ ಬಿತ್ತನೆಯಾಗುತ್ತಿತ್ತು. ಈಗ ಅವನ ಕೋಡ್ 21. ಕೈಗೆ ಬರುತ್ತಿದ್ದ ಕೂಲಿ ಸೊನ್ನೆಯಾಯಿತು, ಆದರೆ 81 ಅವನ ಹತ್ತಿರವೂ ಸುಳಿಯಲಿಲ್ಲ. ಇಂಥವರು ಎಷ್ಟು ಜನ? ದುಡಿಯುವವರಲ್ಲಿ ಕೃಷಿಯ ಪಾಲು 2018-19ರಲ್ಲಿ ಶೇ. 42.5 ಇದ್ದದ್ದು 2019-20ರಲ್ಲಿ ಶೇ. 45.6, ಮರುವರ್ಷ ಶೇ. 46.5 ಆಯಿತು. ಬೇಸಾಯ ಬಿಟ್ಟು ಬೇರೆ ಕಸುಬಿಗೆ ಹೋಗುವುದು ದಶಕಗಳಿಂದ ನಡೆದುಬಂದ ದಾರಿ. ಆ ದಾರಿಯಲ್ಲಿ ಜನ ಹಿಂದಕ್ಕೆ ನಡೆದರು. ಹೊಲವಿಲ್ಲದ ಪಟ್ಟಣದಲ್ಲಿ ಮರೆಮಾಚಲು ಜಾಗವಿಲ್ಲ. ಆದ್ದರಿಂದ 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ನಗರಗಳ ವಾರದ ಲೆಕ್ಕ ಶೇ. 21ರ ಹತ್ತಿರ ಹೋಗಿತ್ತು. ವರ್ಷದ ಲೆಕ್ಕದೊಳಗೆ ಅದು ಕರಗಿಹೋಯಿತು.

ಕಷ್ಟ ಬೇರೆ ಪುಸ್ತಕದಲ್ಲಿ ದಾಖಲಾಗಿತ್ತು. ಉದ್ಯೋಗ ಖಾತ್ರಿ ಯೋಜನೆಯಲ್ಲಿ 2019-20ರಲ್ಲಿ 265 ಕೋಟಿ ಮಾನವ ದಿನಗಳ ಕೆಲಸ ನಡೆದಿತ್ತು. 2020-21ರಲ್ಲಿ ಅದು ಸುಮಾರು 389 ಕೋಟಿಗೆ ಹಾರಿತು. ಬಿಸಿಲಿನಲ್ಲಿ ಕೆರೆಯ ಹೂಳೆತ್ತಲು, ಬದು ಹಾಕಲು ಹಿಂದೆಂದೂ ಇಲ್ಲದಷ್ಟು ಜನ ಬಂದರು. ನಿರುದ್ಯೋಗ ಶೇ. 4.2ಕ್ಕೆ ಇಳಿದ ವರ್ಷದಲ್ಲಿ! ಅಂಕಿಯೊಂದನ್ನು ನಂಬಬೇಕೋ ಬೇಡವೋ ಎಂಬ ಅನುಮಾನ ಬಂದಾಗ ಹೀಗೆ ಪಕ್ಕದ ಪುಸ್ತಕ ತೆರೆದು ನೋಡುವುದು ನನ್ನ ರೂಢಿ.

ಇನ್ನು ದೆಹಲಿಯ ರಾಜೀನಾಮೆಗಳ ಕಥೆ. 2017-18ರ ಮೊದಲ ಪಿಎಲ್ಎಫ್ಎಸ್ ವರದಿಗೆ ರಾಷ್ಟ್ರೀಯ ಅಂಕಿಅಂಶ ಆಯೋಗ 2018ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತ್ತು. ವರದಿ ಹೊರಬರಲಿಲ್ಲ. 2019ರ ಜನವರಿ ಕೊನೆಯಲ್ಲಿ ಆಯೋಗದ ಹಂಗಾಮಿ ಅಧ್ಯಕ್ಷ ಪಿ.ಸಿ. ಮೋಹನನ್ ಮತ್ತು ಸದಸ್ಯೆ ಜೆ.ವಿ. ಮೀನಾಕ್ಷಿ ರಾಜೀನಾಮೆ ಕೊಟ್ಟರು. ಬೆನ್ನಿಗೇ ವರದಿಯ ಅಂಕಿ ಪತ್ರಿಕೆಗೆ ಸಿಕ್ಕಿತು: ಶೇ. 6.1, ನಲವತ್ತೈದು ವರ್ಷಗಳಲ್ಲೇ ಹೆಚ್ಚು. ಲೋಕಸಭಾ ಚುನಾವಣೆ ಮುಗಿದ ಮೇಲೆ, ಮೇ 31ರಂದು, ಸರ್ಕಾರ ಅದೇ ಅಂಕಿಯನ್ನು ಬಿಡುಗಡೆ ಮಾಡಿತು. ಸಮೀಕ್ಷೆಯ ವಿಧಾನ ಬದಲಾಗಿರುವುದರಿಂದ ಹಳೆಯದರೊಂದಿಗೆ ಹೋಲಿಸಬಾರದು ಎಂದೂ ಹೇಳಿತು. ವಿಧಾನ ಬದಲಾದದ್ದು ನಿಜ. ಆ ವಾದವನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ಒಪ್ಪಿಗೆಯಾದ ವರದಿಯನ್ನು ಐದು ತಿಂಗಳು ಪೆಟ್ಟಿಗೆಯಲ್ಲಿಡಲು ಅದು ಕಾರಣವಾಗದು.

ಆ ಗದ್ದಲದಲ್ಲಿ ಒಂದು ಸಂಗತಿ ಯಾರ ಗಮನಕ್ಕೂ ಬರಲಿಲ್ಲ. ಶೇ. 6.1 ಎಂದು ಕೂಗಿದವರೂ ಅದನ್ನು ಮುಚ್ಚಿಟ್ಟವರೂ ಒಂದೇ ಅಳತೆಗೋಲನ್ನು ನಂಬಿದ್ದರು. ಬಹಿರಂಗ ನಿರುದ್ಯೋಗ ಒಂದು ಅರ್ಥದಲ್ಲಿ ಕಾಯುವ ಶಕ್ತಿ ಇರುವವರಿಗೆ ಸಿಗುವ ಸ್ಥಾನ. 2023-24ರಲ್ಲಿ ಕೇರಳದ ನಿರುದ್ಯೋಗ ದರ ಶೇ. 7ರ ಮೇಲಿತ್ತು, ಬಿಹಾರದ್ದು ಶೇ. 3ರ ಆಸುಪಾಸು. ಲೆಕ್ಕ ನೋಡಿದರೆ ಕೇರಳದವರು ಕೆಲಸ ಹುಡುಕಿಕೊಂಡು ಬಿಹಾರಕ್ಕೆ ಹೋಗಬೇಕಿತ್ತು. ಎರ್ನಾಕುಲಂ ರೈಲು ನಿಲ್ದಾಣದಲ್ಲಿ ಯಾರು ಇಳಿಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಓದಿದ ಮಗಳು ಒಳ್ಳೆಯ ಕೆಲಸ ಸಿಗುವವರೆಗೆ ಎರಡು ವರ್ಷ ಕಾಯಲಿ ಎನ್ನಬಲ್ಲ ಮನೆ 81 ಬರೆಸುತ್ತದೆ. ನಾಳೆಯ ಗಂಜಿಗೆ ಇವತ್ತು ದುಡಿಯಬೇಕಾದ ಮನೆಗೆ ಅಷ್ಟು ಪುರಸೊತ್ತಿಲ್ಲ.

2018ರ ಜನವರಿಯಲ್ಲಿ ಪ್ರಧಾನಿಯವರು ಟಿವಿ ಸಂದರ್ಶನವೊಂದರಲ್ಲಿ, ಪಕೋಡ ಮಾರಿ ಸಂಜೆ ಇನ್ನೂರು ರೂಪಾಯಿ ಮನೆಗೆ ಒಯ್ಯುವವನನ್ನು ನಿರುದ್ಯೋಗಿ ಎನ್ನುತ್ತೀರಾ ಎಂದು ಕೇಳಿದ್ದರು. ಬಹಳ ಟೀಕೆ, ಬಹಳ ವ್ಯಂಗ್ಯಚಿತ್ರ ಬಂದವು. ಕೋಡ್ ಪಟ್ಟಿಯ ಪ್ರಕಾರ ಪ್ರಧಾನಿಯವರ ಮಾತು ಅಕ್ಷರಶಃ ಸರಿ, ಅವನು 11. ನನಗೆ ನೆನಪಾದದ್ದು ಜೋನ್ ರಾಬಿನ್ಸನ್ನರ ಬೆಂಕಿಪೊಟ್ಟಣದ ಮನುಷ್ಯ. ಎಂಬತ್ತು ವರ್ಷಗಳ ಅಂತರದಲ್ಲಿ ಬುಟ್ಟಿಯೊಳಗಿನ ಸಾಮಾನು ಬದಲಾಗಿತ್ತು. ಪಕೋಡ ಮಾರುವುದರಲ್ಲಿ ಕೀಳೇನೂ ಇಲ್ಲ. ಅವನು ಆ ಬಾಣಲೆಯ ಮುಂದೆ ಬಂದದ್ದು ಆಸೆಯಿಂದಲೋ ಬೇರೆ ದಾರಿಯಿಲ್ಲದೆಯೋ ಎಂಬುದನ್ನು 11 ಎಂಬ ಕೋಡ್ ಹೇಳುವುದಿಲ್ಲ ಅಷ್ಟೇ.

ಇದು ಬಡ ದೇಶಗಳ ಕಾಯಿಲೆ ಮಾತ್ರ ಎಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ 1984-85ರ ಮುಷ್ಕರದ ನಂತರ ಕಲ್ಲಿದ್ದಲ ಗಣಿಗಳು ಒಂದೊಂದಾಗಿ ಮುಚ್ಚಿದವು. ಗಣಿ ಊರುಗಳ ನಿರುದ್ಯೋಗ ದರ ಆ ಪ್ರಮಾಣದಲ್ಲಿ ಏರಲೇ ಇಲ್ಲ. ಶೆಫೀಲ್ಡ್‌ನ ಸಂಶೋಧಕರಾದ ಬೀಟಿ ಮತ್ತು ಫೋದರ್‌ಗಿಲ್ ಹುಡುಕಿ ನೋಡಿದಾಗ, ಗಂಡಸರು ದೊಡ್ಡ ಸಂಖ್ಯೆಯಲ್ಲಿ ‘ದೀರ್ಘಕಾಲದ ಅನಾರೋಗ್ಯ’ದ ಭತ್ಯೆಗೆ ಸೇರಿಕೊಂಡಿದ್ದು ಕಂಡಿತು. ನಮ್ಮಲ್ಲಿ 2001ರ ಫೆಬ್ರವರಿ 28ರಂದು ಕೆಜಿಎಫ್ ಚಿನ್ನದ ಗಣಿಗೆ ಬೀಗ ಬಿದ್ದಾಗ ಅಂಥ ಭತ್ಯೆಯೂ ಇರಲಿಲ್ಲ. ಜನ ರೈಲು ಹತ್ತಿದರು. ಇಂದಿಗೂ ಬೆಳಗಿನ ಜಾವ ಮಾರಿಕುಪ್ಪಂನಿಂದ ಬೆಂಗಳೂರಿಗೆ ಬರುವ ರೈಲುಗಳಲ್ಲಿ ಸೆಕ್ಯುರಿಟಿ ಗಾರ್ಡುಗಳು, ಹೌಸ್‌ಕೀಪಿಂಗ್ ಹೆಂಗಸರು, ಕೂಲಿಯವರು ಕಿಕ್ಕಿರಿದಿರುತ್ತಾರೆ. ದಿನಕ್ಕೆ ಐದಾರು ಗಂಟೆ ರೈಲಿನಲ್ಲೇ ಕಳೆಯುವ ಈ ಊರು ಲೆಕ್ಕದಲ್ಲಿ ನಿರುದ್ಯೋಗದ ಊರಲ್ಲ.

2023-24ರ ವರದಿಯಲ್ಲಿ ದೇಶದ ದರ ಶೇ. 3.2. ಅದೇ ವರದಿಯಲ್ಲಿ ಇನ್ನೊಂದು ಪುಟವಿದೆ. ದುಡಿಯುವವರಲ್ಲಿ ಸಂಬಳವಿಲ್ಲದೆ ಮನೆಯ ಕಸುಬಿಗೆ ಕೈಜೋಡಿಸುವವರು, ಅಂದರೆ ಕೋಡ್ 21ರವರು, 2017-18ರಲ್ಲಿ ಶೇ. 13.6 ಇದ್ದರು, ಈಗ ಶೇ. 19.4. ದುಡಿಮೆಯಲ್ಲಿರುವ ಅಥವಾ ದುಡಿಮೆ ಬಯಸುವ ಹೆಂಗಸರ ಪ್ರಮಾಣ ಶೇ. 23.3ರಿಂದ ಶೇ. 41.7ಕ್ಕೆ ಏರಿದ್ದನ್ನು ಸಾಧನೆ ಎಂದು ಹೇಳುತ್ತಾರೆ. ದುಡಿಯುವ ಹೆಂಗಸರಲ್ಲಿ ಮೂವರಿಗೊಬ್ಬರಿಗಿಂತ ಹೆಚ್ಚು ಜನ ಈ 21ರ ಗುಂಪಿನವರು. ಅವರಲ್ಲಿ ಎಷ್ಟೋ ಮಂದಿ ಮೊದಲೂ ಎಮ್ಮೆ ಕಟ್ಟುತ್ತಿದ್ದರು, ಅಂಗಡಿಯಲ್ಲಿ ಕೂರುತ್ತಿದ್ದರು. ಆಗ 92 ಅಥವಾ 93 ಎಂದು ಬರೆದಿದ್ದವರನ್ನು ಈಗ 21 ಎಂದು ಗುರುತಿಸಿದ್ದರೆ ಅದು ನ್ಯಾಯವೇ. ನಿಜವಾಗಿಯೂ ಹೊಸದಾಗಿ ದುಡಿಮೆಗೆ ಇಳಿದವರು ಇದ್ದರೆ, ಗಂಡನ ಗಳಿಕೆ ಸಾಲದೆ ಇಳಿದರೋ ಏನೋ. ಎರಡನ್ನೂ ಬೇರ್ಪಡಿಸಿ ನೋಡುವ ಕೆಲಸ ಇನ್ನೂ ಆಗಬೇಕಿದೆ.

2025ರಿಂದ ಈ ಸಮೀಕ್ಷೆ ತಿಂಗಳಿಗೊಮ್ಮೆ ಬರುತ್ತಿದೆ. ವಾರದ ಲೆಕ್ಕದಲ್ಲಿ ಆ ಏಪ್ರಿಲ್‌ನ ದರ ಶೇ. 5.1. ದಾಂತ್‌ವಾಲಾ ಕಾಲದ ಮೂರು ಅಳತೆಗಳಲ್ಲಿ ವರ್ಷದ್ದು, ವಾರದ್ದು ಮುಖ್ಯ ಅಂಕಿಗಳಾಗಿ ಉಳಿದಿವೆ. ಅರ್ಧ ದಿನಗಳನ್ನು ಎಣಿಸುತ್ತಿದ್ದ ದಿನದ ಲೆಕ್ಕ ಮುಖಪುಟದಿಂದ ಮರೆಯಾಗಿದೆ. ಆದರೆ ಮನೆಗೆ ಬರುವ ಸಿಬ್ಬಂದಿ ಏಳು ದಿನಗಳಲ್ಲಿ ಪ್ರತಿದಿನ ಎಷ್ಟು ಗಂಟೆ ದುಡಿದಿರಿ, ಇನ್ನೂ ಎಷ್ಟು ಗಂಟೆ ದುಡಿಯಲು ಸಿದ್ಧರಿದ್ದಿರಿ ಎಂದು ಈಗಲೂ ಕೇಳುತ್ತಾರೆ, ಬರೆದುಕೊಳ್ಳುತ್ತಾರೆ. ಹೆಸರು ವಿಳಾಸ ತೆಗೆದ ಆ ಕಡತಗಳು ಸಚಿವಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅರ್ಥಶಾಸ್ತ್ರವನ್ನೋ ಸಂಖ್ಯಾಶಾಸ್ತ್ರವನ್ನೋ ಓದುತ್ತಿರುವವರು ಇಳಿಸಿಕೊಂಡು ರಾಯಚೂರಿನ, ಯಾದಗಿರಿಯ ಸಾಲುಗಳನ್ನು ಬೇರೆ ತೆಗೆದು, ಗಂಟೆಯ ಕಾಲಂಗಳನ್ನು ಕೂಡಿಸಿ ನೋಡಬಹುದು.